ತೂಕದ ಕಲ್ಲು ಕಟ್ಟಿದ ಶೋಲ್ಡರ್ ರಿಗ್: ಸಾಗರ ಸೀಮೆಯ ಒಂದು ಮನೆ ಮದುವೆ

ಮೊದಲ ದಿನ ರಾತ್ರಿ ಊಟ ಮುಗಿಸಿ ಮದುವೆಮನೆಯ ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತೆವು. ಬೆಳಗ್ಗೆಯಿಂದ ತೆಗೆದ ಮದುವೆ ವಿಡಿಯೊದ ಕ್ಲಿಪ್‌ಗಳನ್ನು ಒಂದೊಂದಾಗಿ ನೋಡುತ್ತಾ ಹೋದ ಹಾಗೆ ಹೊಟ್ಟೆಯಲ್ಲಿ ತಳಮಳ ಶುರುವಾಯಿತು. ಚಿತ್ರ ತೂಗುತ್ತಿತ್ತು. ನಾಂದಿಗೆ ಕೂತ ಹುಡುಗಿಯ ಅಪ್ಪ ಅಮ್ಮ ಸಿಗಂದೂರಿನ ಲಾಂಚಿನಲ್ಲಿ ಕೂತವರ ಹಾಗೆ ಮೇಲೆ ಕೆಳಗೆ ಆಡುತ್ತಿದ್ದರು.

"ಅಣ್ಣ, ಇದಕ್ಕಿಂತ ಬರಿಗೈಲಿ ಹಿಡಿದಿದ್ರೇ ಚೆನ್ನಾಗಿ ಬರ್ತಿತ್ತೇನೋ" ಎಂದ ನನ್ನ ಸಹಾಯಕ್ಕೆ ಜೊತೆಗಿದ್ದ ಹುಡುಗ. ಬೈಯಬೇಕು ಅನ್ನಿಸಿತು. ಆದರೆ ಅವನು ಹೇಳಿದ್ದು ಸರಿಯಾಗಿತ್ತು. ಎಷ್ಟು ಸರಿ ಅನ್ನೋದು ಆಮೇಲೆ ಲೆಕ್ಕ ಹಾಕಿದಾಗ ಗೊತ್ತಾಯಿತು.

ಹೊಸ ಶೋಲ್ಡರ್ ರಿಗ್, ಅಂದರೆ ಕ್ಯಾಮೆರಾವನ್ನು ಹೆಗಲ ಮೇಲೆ ಹೊರುವ ಚೌಕಟ್ಟು, ತಂದು ಅದು ಮೂರನೇ ಕೆಲಸ. ಮೊದಲಿನೆರಡು ಸಣ್ಣ ಕಾರ್ಯಕ್ರಮ, ಹತ್ತು ಹತ್ತು ನಿಮಿಷ ಹೊತ್ತು ಇಳಿಸಿದ್ದೆ, ಅಷ್ಟೆ. ಇಡೀ ದಿನ ಹೆಗಲ ಮೇಲೆ ಇಟ್ಟುಕೊಂಡಿದ್ದು ಇಲ್ಲೇ ಮೊದಲು. ಮಾರನೇ ದಿನ ಮುಹೂರ್ತ. ರಿಗ್ ಬಿಚ್ಚಿ ಚೀಲಕ್ಕೆ ಹಾಕುವುದೋ, ರಾತ್ರಿಯೇ ಅದನ್ನು ಸರಿ ಮಾಡುವುದೋ ಎಂಬ ಪ್ರಶ್ನೆ ಎದುರಿಗಿತ್ತು.

ಮನೆ ಮತ್ತು ಸಾಮಾನು

2016ರ ಮೇ ತಿಂಗಳು. ಅಡಿಕೆ ತೋಟದ ನಡುವಿನ ಮನೆ. ಕಲ್ಯಾಣ ಮಂಟಪ ಬೇಡ, ಅಂಗಳದಲ್ಲೇ ಆಗಬೇಕು ಎಂದು ಹಟ ಹಿಡಿದವರು ಹುಡುಗಿಯ ಅಜ್ಜಿ. ಅಂಗಳಕ್ಕೆ ಅಡಿಕೆ ಮರದ ಕಂಬ ನೆಟ್ಟು, ಮೇಲೆ ಸೋಗೆ ಹೊದೆಸಿದ ಚಪ್ಪರ. ನೋಡಲು ತುಂಬಾ ಚಂದ. ವಿಡಿಯೊ ಮಾಡುವವನಿಗೆ ಮಾತ್ರ ಕಷ್ಟ. ಟ್ರೈಪಾಡ್ ಕಾಲು ಬಿಡಿಸಿದರೆ ಮೂರು ಜನ ಕೂರುವ ಜಾಗ ಹೋಗುತ್ತದೆ. ಮುಹೂರ್ತದ ಹೊತ್ತಿಗೆ ಅಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. ಹಾಗಾಗಿ ಒಂದು ಕ್ಯಾಮೆರಾವನ್ನು ಜಗಲಿ ಮೂಲೆಯಲ್ಲಿ ಟ್ರೈಪಾಡ್ ಮೇಲೆ ಸುಮ್ನೆ ಓಡಲು ಬಿಟ್ಟು, ಇನ್ನೊಂದನ್ನು ನಾನು ಹೊತ್ತುಕೊಂಡು ತಿರುಗುವುದು ಎಂದಾಗಿತ್ತು.

ಹೊತ್ತುಕೊಂಡಿದ್ದು ಕ್ಯಾನನ್ 5ಡಿ ಮಾರ್ಕ್ 3. ಬ್ಯಾಟರಿ, ಕಾರ್ಡ್ ಸೇರಿ ಬಾಡಿ 950 ಗ್ರಾಂ. 24-105 ಎಫ್ 4 ಲೆನ್ಸ್ 670 ಗ್ರಾಂ. ಮೇಲೆ ಮೈಕು, ಕೆಳಗೆ ಪ್ಲೇಟು, ಪಕ್ಕದಲ್ಲಿ ಲೆನ್ಸಿನ ಫೋಕಸ್ ತಿರುಗಿಸುವ ಫಾಲೋ ಫೋಕಸ್ ಚಕ್ರ. ಎಲ್ಲ ಸೇರಿ ಸುಮಾರು 2 ಕೆ.ಜಿ. ರಿಗ್ ಅಂದರೆ ದೊಡ್ಡ ಯಂತ್ರವೇನಲ್ಲ. 15 ಮಿ.ಮೀ. ದಪ್ಪದ ಜೋಡಿ ಸಲಾಕೆ, ಹೆಗಲಿಗೆ ಒಂದು ಪ್ಯಾಡ್, ಹಿಡಿಯಲು ಎರಡು ಹಿಡಿ, ಇವನ್ನೆಲ್ಲ ಕಚ್ಚಿ ಹಿಡಿಯುವ ಕ್ಲ್ಯಾಂಪುಗಳು. ಬೆಳಗ್ಗೆ ಅದನ್ನು ಹೊತ್ತು ಅಂಗಳಕ್ಕೆ ಬಂದ ಕೂಡಲೇ ಅಜ್ಜಿ ಕೇಳಿದ್ದರು: "ಎಂತದು ತಮ್ಮಾ ಅದು, ನೊಗ ಹೊತ್ಕೊಂಡು ಬಂದಿದೀಯಲ್ಲ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಸಂಜೆ ಹೊತ್ತಿಗೆ ಅದು ನೊಗವೇ ಆಗಿತ್ತು.

ಡಿಎಸ್‌ಎಲ್‌ಆರ್‌ಗೆ ರಿಗ್ ಯಾಕೆ ಬೇಕಾಯಿತು

ಹಿಂದೆ ಮದುವೆಗಳಿಗೆ ಬರುತ್ತಿದ್ದ ಪ್ಯಾನಸೋನಿಕ್ ಎಂಡಿ 10000 ನೆನಪಿರಬಹುದು. ಮಿನಿ ಡಿವಿ ಟೇಪಿನ ಹೆಗಲ ಕ್ಯಾಮೆರಾ. ಜೊತೆಗೆ ಹ್ಯಾಲೋಜನ್ ಲೈಟ್ ಹಿಡಿದ ಒಬ್ಬ ಹುಡುಗ. ಆ ಕ್ಯಾಮೆರಾದ ಹೊಟ್ಟೆಯೇ ಹೆಗಲ ಮೇಲೆ ಕೂರುತ್ತಿತ್ತು. ಲೆನ್ಸ್ ಮುಂದೆ, ಬ್ಯಾಟರಿ ಹಿಂದೆ. ನೋಡುವ ವ್ಯೂಫೈಂಡರ್ ಮಾತ್ರ ಎಡಗಡೆ ಮುಂದಕ್ಕೆ ಚಾಚಿಕೊಂಡಿತ್ತು. ಅಂದರೆ ತೂಕ ಹೆಗಲಿನಲ್ಲಿ, ಕಣ್ಣಿಗೆ ಬೇಕಾದ್ದು ಕಣ್ಣಿನ ಹತ್ತಿರ.

2008ರಲ್ಲಿ ನಿಕಾನ್ ಡಿ90, ಹಿಂದೆಯೇ 5ಡಿ ಮಾರ್ಕ್ 2 ಬಂದು ಡಿಎಸ್‌ಎಲ್‌ಆರ್ ಎಂಬ ಕನ್ನಡಿಯಿರುವ ಸ್ಟಿಲ್ ಕ್ಯಾಮೆರಾದಲ್ಲೇ ವಿಡಿಯೊ ಶುರುವಾಯಿತು. ಚಿತ್ರ ಸಿನಿಮಾದ ಹಾಗೆ ಕಂಡಿದ್ದರಿಂದ ಎಲ್ಲರೂ ಅದರ ಹಿಂದೆ ಬಿದ್ದರು. ಆದರೆ ಅದರ ಆಕಾರ ಫೋಟೊ ತೆಗೆಯಲು ಮಾಡಿದ್ದು. ವಿಡಿಯೊ ಮಾಡುವಾಗ ಕನ್ನಡಿ ಮೇಲೆದ್ದಿರುತ್ತದೆ, ಕಣ್ಣಿಟ್ಟು ನೋಡುವ ಕಿಂಡಿ ಕಪ್ಪಾಗುತ್ತದೆ. ಹಿಂದಿನ ಸ್ಕ್ರೀನ್ ನೋಡಿಯೇ ತೆಗೆಯಬೇಕು. ಸ್ಕ್ರೀನ್ ನೋಡಬೇಕಾದರೆ ಕ್ಯಾಮೆರಾ ಮುಖದಿಂದ ದೂರ ಇರಬೇಕು. ದೂರ ಹೋದಷ್ಟೂ ಭಾರ ಮುಂದಕ್ಕೆ ಹೋಯಿತು. ಶೋಲ್ಡರ್ ರಿಗ್‌ನ ತೊಂದರೆಗಳೆಲ್ಲ ಹುಟ್ಟುವುದು ಇಲ್ಲಿಂದಲೇ. ಹೆಸರಿಗೆ ಹೆಗಲ ರಿಗ್, ಕ್ಯಾಮೆರಾ ಇರುವುದು ಮಾತ್ರ ಹೆಗಲಿಂದ ಒಂದು ಗೇಣಿಗೂ ಆಚೆ.

ಕ್ಲಿಪ್‌ನಲ್ಲಿ ಏನು ಕಂಡಿತು

ಅಲ್ಲಾಡುತ್ತಿದೆ ಎಂದಷ್ಟೇ ಹೇಳಿದರೆ ರಿಪೇರಿ ಆಗುವುದಿಲ್ಲ. ಯಾವ ಅಲ್ಲಾಟ ಎಂದು ನೋಡಬೇಕು. ಅದಕ್ಕೆ ಚಪ್ಪರದ ಕಂಬವೇ ಸಹಾಯಕ್ಕೆ ಬಂತು.

ಒಂದು ಕ್ಲಿಪ್‌ನಲ್ಲಿ ಮುಂದೆ ಕಂಬ ಇತ್ತು, ಹಿಂದೆ ಮನೆಯ ಗೋಡೆ. ಚಿತ್ರ ಅಲ್ಲಾಡಿದಾಗ ಕಂಬ, ಗೋಡೆ ಎರಡೂ ಒಟ್ಟಿಗೆ, ಒಂದೇ ಅಳತೆಯಲ್ಲಿ ಜರುಗಿದರೆ ಕ್ಯಾಮೆರಾ ಇದ್ದಲ್ಲೇ ತಿರುಗಿದೆ ಎಂದರ್ಥ. ಅಂದರೆ ಮೂತಿ ಬಗ್ಗಿದೆ ಅಥವಾ ಎದ್ದಿದೆ. ಇದು ಕೈಯ ತಪ್ಪು. ಕಂಬ ಜಾಸ್ತಿ ಜರುಗಿ, ಗೋಡೆ ಕಮ್ಮಿ ಜರುಗಿದರೆ ಕ್ಯಾಮೆರಾ ಜಾಗವನ್ನೇ ಬಿಟ್ಟು ಆಚೀಚೆ ಹೋಗಿದೆ. ಇದು ಕಾಲು, ಸೊಂಟ, ಉಸಿರಿನ ಕೆಲಸ. ಕಂಬವೇ ಓರೆಯಾಗಿ ಮತ್ತೆ ನೆಟ್ಟಗಾದರೆ ಕ್ಯಾಮೆರಾ ಒಂದು ಪಕ್ಕಕ್ಕೆ ವಾಲಿದೆ.

ಹೀಗೆ ಇಪ್ಪತ್ತು ಕ್ಲಿಪ್ ನೋಡಿದೆವು. ಹೆಚ್ಚಿನವು ಮೊದಲನೇ ಜಾತಿ. ಮೂತಿ ನಿಧಾನಕ್ಕೆ ಕೆಳಗೆ ಬಗ್ಗುತ್ತದೆ, ನಾನು ಎಚ್ಚೆತ್ತು ಎತ್ತುತ್ತೇನೆ, ಮತ್ತೆ ಬಗ್ಗುತ್ತದೆ. ತೂಕಡಿಸುವವನ ತಲೆಯ ಹಾಗೆ. ಜೊತೆಗೆ ಎಡಕ್ಕೆ ವಾಲುವುದು. ನಡೆಯುವಾಗಿನ ಕುಲುಕು ಬೇರೆಯೇ ಇತ್ತು. ಅದರ ಮಾತು ಆಮೇಲೆ.

ಇನ್ನೊಂದು ವಿಷಯವೂ ಕಂಡಿತು. 105 ಎಂ.ಎಂ.ಗೆ ಜೂಮ್ ಮಾಡಿದ ಕ್ಲಿಪ್‌ಗಳು ಒಂದೂ ನೋಡುವ ಹಾಗಿರಲಿಲ್ಲ. ಇದಕ್ಕೆ ಲೆಕ್ಕವಿದೆ. ಚಿತ್ರದ ಅಗಲ 1920 ಪಿಕ್ಸೆಲ್. ಕ್ಯಾಮೆರಾ ಒಂದು ಡಿಗ್ರಿ ತಿರುಗಿದರೆ, ಜೂಮ್ ಮಾಡದ 24 ಎಂ.ಎಂ.ನಲ್ಲಿ ಚಿತ್ರ ಇಪ್ಪತ್ತೈದು ಪಿಕ್ಸೆಲ್ ಆಸುಪಾಸು ಜರುಗುತ್ತದೆ. 105ರಲ್ಲಿ ಸುಮಾರು 100 ಪಿಕ್ಸೆಲ್. ಕೈ ಅದೇ, ನಡುಕ ಅದೇ, ಕಾಣುವುದು ನಾಲ್ಕು ಪಟ್ಟು. ಲೆನ್ಸಿನಲ್ಲಿ ಸ್ಟೆಬಿಲೈಸರ್ ಇತ್ತು, ಆನ್ ಕೂಡ ಆಗಿತ್ತು. ಅದು ಸಣ್ಣ ನಡುಕ ನುಂಗುತ್ತದೆ. ಎರಡು ಕೆ.ಜಿ. ಭಾರಕ್ಕೆ ಸೋತ ಕೈ ಜಗ್ಗಿದ್ದನ್ನು ಅದರ ಕೈಲಿ ನುಂಗಲಾಗಲ್ಲ. ಪಕ್ಕಕ್ಕೆ ವಾಲುವುದಂತೂ ಈ ಲೆನ್ಸಿನ ಸ್ಟೆಬಿಲೈಸರ್‌ಗೆ ಸಂಬಂಧವೇ ಇಲ್ಲ.

ರಾತ್ರಿಯ ಲೆಕ್ಕ

ಟೇಪು ತಂದು ಅಳೆದೆವು. ಹೆಗಲ ನಡುವಿನಿಂದ ಕ್ಯಾಮೆರಾ ಮತ್ತು ಲೆನ್ಸ್ ಸೇರಿದ ಭಾರದ ನಡು 36 ಸೆಂ.ಮೀ. ಮುಂದಿತ್ತು. ಹಿಡಿಗಳು 30 ಸೆಂ.ಮೀ. ಮುಂದೆ. ಹಿಂದೆ ಏನೂ ಇಲ್ಲ, ಬರೀ ಎರಡು ಸಲಾಕೆಯ ತುದಿ.

ಕಾವಡಿ ಹೊರುವವರನ್ನು ನೋಡಿದವರಿಗೆ ಇದು ತಕ್ಷಣ ಗೊತ್ತಾಗುತ್ತದೆ. ಒಂದೇ ಕಡೆ ಕೊಡ ಕಟ್ಟಿ, ಇನ್ನೊಂದು ಕಡೆ ಖಾಲಿ ಬಿಟ್ಟು ಯಾರಾದರೂ ಹೊರುತ್ತಾರಾ? ನಾನು ದಿನವಿಡೀ ಮಾಡಿದ್ದು ಅದನ್ನೇ. ಭಾರ ಎಷ್ಟು ಜಗ್ಗುತ್ತದೆ ಎಂಬುದು ತೂಕ ಗುಣಿಸು ದೂರ. 2 ಕೆ.ಜಿ.ಯನ್ನು 36ರಿಂದ ಗುಣಿಸಿದರೆ 72. ಅದನ್ನು 30 ಸೆಂ.ಮೀ. ದೂರದ ಹಿಡಿ ತಡೆಯಬೇಕು. 72ನ್ನು 30ರಿಂದ ಭಾಗಿಸಿದರೆ 2.4. ರಿಗ್‌ನ ಸ್ವಂತ ತೂಕ ಬಿಟ್ಟರೂ ನನ್ನ ಕೈ 2.4 ಕೆ.ಜಿ. ಹೊತ್ತಿತ್ತು. ಕ್ಯಾಮೆರಾ ಇದ್ದಿದ್ದೇ 2 ಕೆ.ಜಿ.! ಬರಿಗೈಯಲ್ಲಿ ಹಿಡಿದಿದ್ದರೆ ಕಮ್ಮಿಯಾಗುತ್ತಿತ್ತು. ಹುಡುಗನ ಕಡೆ ನೋಡಿದೆ. ಅವನು ಮೊಬೈಲ್ ನೋಡುತ್ತಾ ಕೂತಿದ್ದ, ಪುಣ್ಯಕ್ಕೆ.

ಮೊದಲ ರಿಪೇರಿಗೆ ಖರ್ಚೇ ಇರಲಿಲ್ಲ. ಸ್ಕ್ರೀನ್‌ಗೆ ಹಾಕುವ ಲೂಪ್ ಚೀಲದಲ್ಲೇ ಬಿದ್ದಿತ್ತು. ಅದು ಭೂತಗನ್ನಡಿ ಇರುವ ಒಂದು ಕೊಳವೆ, ಸ್ಕ್ರೀನ್ ಮೇಲೆ ಕೂತು ಕಣ್ಣಿಗೆ ಒತ್ತುತ್ತದೆ. ಕಿರಿಕಿರಿ ಎಂದು ನಾನು ಹಾಕಿರಲಿಲ್ಲ. ಅದನ್ನು ಹಾಕಿದ ಮೇಲೆ ಸ್ಕ್ರೀನ್ ಓದಲು ದೂರ ಬೇಕಿಲ್ಲ. ಕ್ಯಾಮೆರಾವನ್ನು 36ರಿಂದ 24 ಸೆಂ.ಮೀ.ಗೆ ಎಳೆದುಕೊಂಡೆ. ಈಗ 2 ಗುಣಿಸು 24, ಅಂದರೆ 48. ಸುಮ್ಮನೆ ಒಂದು ಕ್ಲ್ಯಾಂಪ್ ಸಡಿಲಿಸಿ ಬಿಗಿ ಮಾಡಿದ್ದಕ್ಕೆ ಮೂರರಲ್ಲಿ ಒಂದು ಪಾಲು ಭಾರ ಹೋಯಿತು. ಹುಬ್ಬಿಗೆ ಲೂಪ್ ತಾಗುವುದರಿಂದ ಎರಡು ಕೈ, ಒಂದು ಹೆಗಲು, ಒಂದು ಹುಬ್ಬು ಹೀಗೆ ನಾಲ್ಕು ಕಡೆ ಆಸರೆಯೂ ಸಿಕ್ಕಿತು.

ಎರಡನೆಯದಕ್ಕೆ ತೂಕ ಬೇಕಿತ್ತು. ರಿಗ್ ಜೊತೆ ಹಿಂದಿನ ತೂಕ ಬಂದಿರಲಿಲ್ಲ, ಬೇರೆ ಕೊಳ್ಳಬೇಕು ಎಂದಿದ್ದರು. "ಹಿಂದುಗಡೆ ಸುಮ್ನೆ ಭಾರ ಯಾಕೆ" ಎಂದು ನಾನೇ ಬಿಟ್ಟಿದ್ದೆ. ರಾತ್ರಿ ಹತ್ತೂವರೆಗೆ ಆ ತೋಟದ ಮನೆಯಲ್ಲಿ ಎಲ್ಲಿ ತರುವುದು? ಅಡುಗೆ ಮನೆ ಪಕ್ಕದ ಉಗ್ರಾಣದಲ್ಲಿ ಹಳೇ ತಕ್ಕಡಿ ಇತ್ತು. ಅದರ ಒಂದು ಕೆ.ಜಿ.ಯ ಎರಡು ಕಬ್ಬಿಣದ ತೂಕದ ಕಲ್ಲು ಕೇಳಿದೆ. ಹುಡುಗಿಯ ಚಿಕ್ಕಪ್ಪ "ಎಂತಕ್ಕೆ?" ಎಂದು ಒಮ್ಮೆ ನೋಡಿ, ಕೊಟ್ಟರು. ಬಟ್ಟೆ ಸುತ್ತಿ, ಹಿಂದಿನ ಸಲಾಕೆಗೆ ತಂತಿಯಲ್ಲಿ ಬಿಗಿದು, ಮೇಲೆ ಟೇಪ್ ಸುತ್ತಿದೆವು.

ಎಲ್ಲಿ ಕಟ್ಟಬೇಕು ಎಂಬುದಕ್ಕೆ ಒನಕೆ. ಎರಡು ಕುರ್ಚಿಗಳ ಬೆನ್ನ ಮೇಲೆ ಒನಕೆಯನ್ನು ಅಡ್ಡ ಇಟ್ಟು, ಅದರ ಮೇಲೆ ರಿಗ್‌ನ ಪ್ಯಾಡ್ ಕೂರಿಸಿದೆವು. ಕೈ ಬಿಟ್ಟರೆ ಮೂತಿ ಧಡ್ ಅಂತ ಕೆಳಗೆ. ಹುಡುಗ ಕ್ಯಾಮೆರಾ ಹಿಡಿದುಕೊಂಡೇ ಇದ್ದ, ನಾನು ಕಲ್ಲನ್ನು ಬೆರಳಗಲ ಬೆರಳಗಲ ಹಿಂದೆ ಸರಿಸುತ್ತಾ ಹೋದೆ. 20 ಸೆಂ.ಮೀ. ಹಿಂದೆ ಬಂದಾಗ ಮೂತಿ ಬೀಳುವುದು ನಿಂತು, ನಿಧಾನಕ್ಕೆ ಬಗ್ಗತೊಡಗಿತು. ಅಲ್ಲಿಗೇ ನಿಲ್ಲಿಸಿದೆ. ಪೂರ್ತಿ ಸಮ ಮಾಡಲಿಲ್ಲ. ಪೂರ್ತಿ ಸಮವಾದರೆ ಕ್ಯಾಮೆರಾ ಎತ್ತ ಬೇಕಾದರೂ ತೇಲುತ್ತದೆ, ಕೈಗೆ ಹಿಡಿತ ಸಿಗುವುದಿಲ್ಲ. ಸ್ವಲ್ಪ ಮುಂದೆ ಭಾರ ಇದ್ದರೆ ಕೈಗೆ ಒಂದು ಕೆಲಸ ಇರುತ್ತದೆ.

ಲೆಕ್ಕ ನೋಡಿ. ಮುಂದೆ 48, ಹಿಂದೆ 2 ಗುಣಿಸು 20, ಅಂದರೆ 40. ಉಳಿದ 8ನ್ನು 30 ಸೆಂ.ಮೀ.ಯ ಹಿಡಿ ತಡೆಯಬೇಕು. ಕಾಲು ಕೆ.ಜಿ.ಗಿಂತ ತುಸು ಜಾಸ್ತಿ. ಬೆಳಗ್ಗೆ 2.4 ಇದ್ದದ್ದು. ಒಟ್ಟು ಭಾರ ಎರಡು ಕೆ.ಜಿ. ಹೆಚ್ಚಾಯಿತು, ಕೈಗೆ ಮಾತ್ರ ಒಂಬತ್ತರಲ್ಲಿ ಒಂದು ಪಾಲಾಯಿತು. ಇನ್ನೊಂದು ಲಾಭವೂ ಇದೆ. ಎರಡೂ ತುದಿಯಲ್ಲಿ ಭಾರ ಇರುವ ಉದ್ದನೆಯ ವಸ್ತುವನ್ನು ಗಬಕ್ಕನೆ ತಿರುಗಿಸಲು ಆಗಲ್ಲ. ಕೈಯ ಸಣ್ಣ ನಡುಕ ಅದನ್ನು ಅಲ್ಲಾಡಿಸಲಾರದು.

ಎಡಕ್ಕೆ ವಾಲುವುದಕ್ಕೂ ಕಾರಣ ಸಿಕ್ಕಿತು. ಪ್ಯಾಡ್ ಬಲ ಹೆಗಲ ಮೇಲೆ, ಕ್ಯಾಮೆರಾ ಕಣ್ಣಿನ ಎದುರು ಬರಲಿ ಎಂದು ಎಡಕ್ಕೆ ಸರಿದಿರುತ್ತದೆ. ಭಾರ ಎಡಕ್ಕೆ ಜಗ್ಗುತ್ತದೆ. ಒಂದು ಕಲ್ಲನ್ನು ಬಲ ಸಲಾಕೆಯ ಹೊರಬದಿಗೆ ಕಟ್ಟಿದ ಮೇಲೆ ಅದೂ ಬಹಳ ಮಟ್ಟಿಗೆ ನಿಂತಿತು.

ಫೋಕಸ್ ಯಾರು ತಿರುಗಿಸಬೇಕು?

ರಿಗ್ ಮಾರುವವರು ಹೇಳದ ಒಂದು ಮಾತಿದೆ. ಎರಡು ಕೈಯೂ ಹಿಡಿಯಲ್ಲಿದ್ದರೆ ಫೋಕಸ್‌ಗೆ ಮೂರನೇ ಕೈ ಬೇಕು. 5ಡಿ ಮಾರ್ಕ್ 3 ವಿಡಿಯೊದಲ್ಲಿ ತಾನಾಗಿ ಫೋಕಸ್ ಹಿಂಬಾಲಿಸುವುದಿಲ್ಲ. ಫಾಲೋ ಫೋಕಸ್ ಚಕ್ರ ಹಿಡಿದರೆ ಎಡಗೈ ಹಿಡಿ ಬಿಡಬೇಕು. ಬಿಟ್ಟಾಗ ಮೊದಲ ದಿನ ಮೂತಿ ಬಿದ್ದೇ ಬೀಳುತ್ತಿತ್ತು. ಸಮತೂಕ ಆದಮೇಲೆ ಬಲಗೈ ಒಂದರಲ್ಲೇ ನಿಲ್ಲತೊಡಗಿತು. ಹಿಂದೆ ಕಟ್ಟಿದ ತೂಕದ ದೊಡ್ಡ ಉಪಕಾರ ನನ್ನ ಮಟ್ಟಿಗೆ ಇದೇ.

ಗದ್ದಲದಲ್ಲಿ ಚಕ್ರ ತಿರುಗಿಸುವುದನ್ನೂ ಬಿಟ್ಟೆ. 24 ಎಂ.ಎಂ., ಲೆನ್ಸಿನ ಅಪರ್ಚರ್ (ಬೆಳಕಿನ ಕಿಂಡಿ) ಎಫ್ 4, ಫೋಕಸ್ 2.5 ಮೀಟರಿಗೆ ಇಟ್ಟರೆ ಸುಮಾರು 1.6 ಮೀಟರಿನಿಂದ 5 ಮೀಟರಿನವರೆಗೆ ಎಲ್ಲ ಸ್ಪಷ್ಟವಾಗಿ ಬರುತ್ತದೆ. ಚಪ್ಪರದೊಳಗೆ ಅಷ್ಟು ಸಾಕು. ಹತ್ತಿರದ್ದು ಬೇಕಾದರೆ ಜೂಮ್ ಮಾಡುವುದಲ್ಲ, ಎರಡು ಹೆಜ್ಜೆ ಮುಂದೆ ಹೋಗುವುದು. ಇದೊಂದು ನಿಯಮ ಮಾಡಿಕೊಂಡು ಮಲಗಿದೆ.

ಎರಡನೇ ದಿನ

ಬೆಳಗ್ಗೆ ದಿಬ್ಬಣ ತೋಟದ ದಾರಿಯಲ್ಲಿ ನಡೆದು ಬಂತು. ನಡುವೆ ಹಳ್ಳಕ್ಕೆ ಒಂದು ಸಂಕ. ನಾನು ಹಿಮ್ಮುಖ ನಡೆಯುತ್ತಾ ತೆಗೆಯಬೇಕು. ಹುಡುಗ ಹಿಂದಿನಿಂದ ನನ್ನ ಬೆಲ್ಟ್ ಹಿಡಿದು "ಎಡಕ್ಕೆ ಅಣ್ಣ, ಮೆಟ್ಟಿಲು, ಮೆಟ್ಟಿಲು" ಎನ್ನುತ್ತಾ ಎಳೆದುಕೊಂಡು ಹೋದ. ವಾಲಗದ ಸದ್ದಿನಲ್ಲಿ ಅರ್ಧ ಕೇಳಿಸಲೇ ಇಲ್ಲ.

ಈ ಕ್ಲಿಪ್ ಕೆಟ್ಟಿತು. ಮೂತಿ ಬಗ್ಗಲಿಲ್ಲ, ವಾಲಲಿಲ್ಲ, ಆದರೆ ಹೆಜ್ಜೆ ಹೆಜ್ಜೆಗೂ ಇಡೀ ಚಿತ್ರ ಕುಣಿಯಿತು. ಕಾರಣ ಸರಳ. ಹೆಗಲು ಮೇಲೆ ಕೆಳಗೆ ಹೋದರೆ ಹೆಗಲ ಮೇಲಿದ್ದದ್ದೂ ಹೋಗುತ್ತದೆ. ಎಷ್ಟು ತೂಕ ಕಟ್ಟಿದರೂ ಅಷ್ಟೆ. ರಿಗ್ ಕೈಯ ನಡುಕವನ್ನು ಹಿಡಿಯುತ್ತದೆ, ಕಾಲಿನ ಕುಲುಕನ್ನು ಮೈಯಿಂದ ಕ್ಯಾಮೆರಾಕ್ಕೆ ನೇರ ದಾಟಿಸುತ್ತದೆ. ಬರಿಗೈಯಲ್ಲಿದ್ದರೆ ಮೊಣಕೈಯಾದರೂ ಸ್ವಲ್ಪ ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಹಾಗಾಗಿ ಉಳಿದ ದಿಬ್ಬಣವನ್ನು ಬೇರೆ ರೀತಿ ತೆಗೆದೆ. ಓಡಿ ಮುಂದೆ ಹೋಗಿ, ಕಾಲಗಲಿಸಿ ನಿಂತು, ಅವರು ನನ್ನನ್ನು ದಾಟಿ ಹೋಗುವವರೆಗೆ ಸೊಂಟದಿಂದ ತಿರುಗುವುದು. ಮತ್ತೆ ಓಡುವುದು. ಎರಡು ತುಣುಕು ಮಾತ್ರ ಸೆಕೆಂಡಿಗೆ 50 ಫ್ರೇಮಿನಲ್ಲಿ ತೆಗೆದು, ಆಮೇಲೆ 25ಕ್ಕೆ ಇಳಿಸಿ ನಿಧಾನ ಮಾಡಿದೆ. ವೇಗ ಅರ್ಧವಾದಾಗ ಕುಲುಕು ತೇಲಿದಂತೆ ಕಾಣುತ್ತದೆ. ಆದರೆ ಈ ಕ್ಯಾಮೆರಾದಲ್ಲಿ 50 ಫ್ರೇಮ್ ಬೇಕಾದರೆ 1080 ಸಾಲಿನಿಂದ 720 ಸಾಲಿನ ಚಿತ್ರಕ್ಕೆ ಇಳಿಯಬೇಕು, ಚಿತ್ರ ಸ್ವಲ್ಪ ಮೆತ್ತಗಾಗುತ್ತದೆ. ಉಳಿದದ್ದೆಲ್ಲ 25 ಫ್ರೇಮ್, ಶಟರ್ ಸೆಕೆಂಡಿನ 50ರಲ್ಲಿ ಒಂದು ಭಾಗ. ನಮ್ಮ ಕರೆಂಟು 50 ಹರ್ಟ್ಸ್, ಟ್ಯೂಬ್‌ಲೈಟಿನ ಪಟ್ಟೆ ಬರದಿರಲು ಇದೇ ಸರಿ.

ಅಂತರಪಟದ ಹೊತ್ತು ಬಂತು. ನಾನು ಕಂಬಕ್ಕೆ ಬೆನ್ನು ಕೊಟ್ಟು ನಿಂತಿದ್ದೆ. ಕಂಬಕ್ಕೆ ಒರಗಿದರೆ ಉಸಿರಿನ ತೂಗಾಟವೂ ಕಮ್ಮಿಯಾಗುತ್ತದೆ. ಪರದೆಯ ಈಚೆ ಹುಡುಗಿ, ಕೈಯಲ್ಲಿ ಜೀರಿಗೆ ಬೆಲ್ಲ. ಮಂಗಳಾಷ್ಟಕ ನಡೆಯುತ್ತಿತ್ತು. ಎಡಗೈ ಚಕ್ರದ ಮೇಲೆ ಇತ್ತು. ಅವಳ ಬೆರಳುಗಳಿಂದ ನಿಧಾನಕ್ಕೆ ಮುಖಕ್ಕೆ ಫೋಕಸ್ ತಂದೆ. ರೆಪ್ಪೆ ಒಮ್ಮೆ ಮೇಲೆದ್ದಿತು, ಪರದೆ ಸರಿಯಿತು, ಗಟ್ಟಿಮೇಳ. ನಲವತ್ತು ಸೆಕೆಂಡಿನ ಆ ಕ್ಲಿಪ್‌ನಲ್ಲಿ ಚಿತ್ರ ಸತ್ತಂತೆ ನಿಂತಿರಲಿಲ್ಲ, ಉಸಿರಾಡುವಷ್ಟು ಅಲುಗುತ್ತಿತ್ತು. ಟ್ರೈಪಾಡಿನಿಂದ ಬಂದ ಅದೇ ಕ್ಷಣವನ್ನು ಪಕ್ಕ ಇಟ್ಟು ನೋಡಿದೆ. ನನಗೆ ಹೆಗಲಿನದೇ ಇಷ್ಟವಾಯಿತು.

ಪರದೆ ಸರಿದ ಕ್ಷಣಕ್ಕೆ ಫೋಟೊ ತೆಗೆಯುವವರ ಫ್ಲ್ಯಾಶ್ ಬಿತ್ತು. ಒಂದು ಫ್ರೇಮಿನ ಅರ್ಧ ಬೆಳ್ಳಗೆ, ಅರ್ಧ ಮಾಮೂಲಿ. ಸೆನ್ಸರ್ ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದುವುದರಿಂದ ಹೀಗಾಗುತ್ತದೆ. ರಿಗ್‌ಗೂ ಇದಕ್ಕೂ ಸಂಬಂಧವಿಲ್ಲ, ಆದರೆ ಆ ಫ್ರೇಮ್ ನೋಡಿದಾಗಲೆಲ್ಲ ಕರುಳು ಚುರ್ ಎನ್ನುತ್ತದೆ.

ಎರಡು ತೊಂದರೆ ಹೊಸದಾಗಿ ಬಂದವು. ಹಿಡಿ ಬದಲಿಸುವಾಗಿನ ಕಟಕಟ ಸದ್ದು ಸಲಾಕೆಯ ಮೂಲಕ ಮೈಕಿಗೆ ಹತ್ತಿತ್ತು. ಮಂತ್ರದ ಧ್ವನಿಗೆ ಜಗಲಿಯ ಕ್ಯಾಮೆರಾದ್ದನ್ನೇ ಬಳಸಬೇಕಾಯಿತು. ಇನ್ನೊಂದು, ನನಗೆ ಈಗ ಬಾಲ ಇತ್ತು. ಧಾರೆ ಮುಗಿದು ಗಬಕ್ಕನೆ ತಿರುಗಿದಾಗ ಹಿಂದಿನ ತೂಕದ ಕಲ್ಲು ಪಾನಕ ತರುತ್ತಿದ್ದ ಒಬ್ಬ ಮಾವನ ಮೊಣಕೈಗೆ ಬಡಿಯಿತು. ಪಾನಕ ಪೂರ್ತಿ ನನ್ನ ಬೆನ್ನಿಗೆ. ಅವರು ಬೈಯಲಿಲ್ಲ. "ನಿಂಗೆ ಹಿಂದೆ ಒಂದು ಕಣ್ಣು ಬೇಕಲ್ಲ ಮಾರಾಯ" ಎಂದರು. ಆಮೇಲಿಂದ ಹುಡುಗನ ಕೆಲಸ ನನ್ನ ಹಿಂದೆ ನಿಲ್ಲುವುದೇ ಆಯಿತು.

ಎಡಿಟಿಂಗ್ ಟೇಬಲ್ಲಿನಲ್ಲಿ

ಮೊದಲ ದಿನದ ಹೆಗಲ ಕ್ಲಿಪ್‌ಗಳಲ್ಲಿ ಬಳಸಿದ್ದು ಬೆರಳೆಣಿಕೆಯಷ್ಟು. ಸಾಫ್ಟ್‌ವೇರಿನ ಸ್ಟೆಬಿಲೈಸರ್ ಹಾಕಿ ನೋಡಿದೆ. ಅದು ಚಿತ್ರವನ್ನು ನಿಲ್ಲಿಸುತ್ತದೆ, ಆದರೆ ಅಂಚು ಕತ್ತರಿಸಿ ದೊಡ್ಡದು ಮಾಡುತ್ತದೆ. ಜಗ್ಗಿದಾಗ ಆದ ಮಸುಕು ಹಾಗೇ ಉಳಿಯುತ್ತದೆ. ನಿಂತ ಚಿತ್ರದಲ್ಲಿ ಮುಖ ಮಾತ್ರ ಆಗಾಗ ಮಂಜಾಗುವುದು ನೋಡಲು ಇನ್ನೂ ವಿಚಿತ್ರ. ಎರಡನೇ ದಿನದ್ದನ್ನು ಬಹುಪಾಲು ಹಾಗೇ ಇಟ್ಟೆ.

ಈಗ ಮೋಟಾರಿನಿಂದ ಕ್ಯಾಮೆರಾವನ್ನು ನೆಟ್ಟಗೆ ಹಿಡಿಯುವ ಗಿಂಬಲ್ ಬಂದಿದೆ, ರಿಗ್ ಯಾಕೆ ಎಂದು ಕೇಳುವವರಿದ್ದಾರೆ. ನನ್ನ ಹತ್ತಿರವೂ ಗಿಂಬಲ್ ಇದೆ. ದಿಬ್ಬಣಕ್ಕೆ ಅದೇ ಸರಿ. ಆದರೂ ಗಿಂಬಲ್‌ನ ಮೋಟಾರು ತಿರುಗುವುದನ್ನು ತಡೆಯುತ್ತದೆಯೇ ಹೊರತು ಹೆಜ್ಜೆಯ ಏರಿಳಿತವನ್ನಲ್ಲ. ಅದಕ್ಕೆ ಮೊಣಕಾಲು ಬಗ್ಗಿಸಿ ನಡೆಯುವುದು ಕಲಿಯಲೇಬೇಕು. ಒಂದು ಗಂಟೆ ಮಂತ್ರ ಕೇಳುತ್ತಾ ಒಂದೇ ಕಡೆ ನಿಲ್ಲುವ ಕೆಲಸಕ್ಕೆ ಗಿಂಬಲ್ ಹಿಡಿದರೆ ಮಣಿಕಟ್ಟು ಸೋಲುತ್ತದೆ. ಅಲ್ಲಿ ಹೆಗಲೇ ವಾಸಿ. ಹೆಗಲೂ ಸೋಲುವುದಿಲ್ಲ ಎಂದಲ್ಲ. ಆ ಮದುವೆಯ ಮಾರನೇ ದಿನ ಬಲಗೈ ಎತ್ತಿ ತಲೆ ಬಾಚಲು ಆಗಿರಲಿಲ್ಲ. ಈಗ ಕಾಲು ಗಂಟೆಗೊಮ್ಮೆ ಇಳಿಸುತ್ತೇನೆ.

ವಿಡಿಯೊ ಕೊಟ್ಟು ಒಂದು ವಾರಕ್ಕೆ ಆ ಮನೆಯಿಂದ ಫೋನ್ ಬಂತು. ಅಜ್ಜಿ. ವಿಡಿಯೊ ಬಗ್ಗೆ ಏನಾದರೂ ಹೇಳುತ್ತಾರೆ ಎಂದು ಕಾದೆ. "ತಮ್ಮಾ, ನಮ್ಮ ತೂಕದ ಕಲ್ಲು ಎರಡೂ ನಿನ್ನ ಹತ್ರ ಉಳ್ಕೊಂಡಿದೆ" ಎಂದರು. ರಿಗ್‌ನಿಂದ ಬಿಚ್ಚುವುದನ್ನೇ ಮರೆತಿದ್ದೆ. ಮುಂದಿನ ಭಾನುವಾರ ಹೋಗಿ ಕೊಟ್ಟು, ಬರುವ ದಾರಿಯಲ್ಲಿ ಸಾಗರ ಪೇಟೆಯಲ್ಲಿ ನನ್ನದೇ ಎರಡು ಕೊಂಡೆ. ಅಡಿಯಲ್ಲಿ ಸೀಸ ತುಂಬಿ ಮುದ್ರೆ ಒತ್ತಿದ, ಒಂದೊಂದು ಕೆ.ಜಿ.ಯವು. ಇವತ್ತಿಗೂ ರಿಗ್‌ನ ಹಿಂದೆ ಅವೇ ಇವೆ.